ಪಿತ್ತಕೋಶದ ಕಲ್ಲು ಮತ್ತು ಸಕ್ಕರೆ ಗುಳಿಗೆ

ಸಿಟ್ಟು ಬಂದವನನ್ನು ಕಂಡು ‘ಪಿತ್ತ ನೆತ್ತಿಗೇರಿದೆ’ ಎನ್ನುತ್ತೇವೆ. ಆದರೆ ಆ ಪಿತ್ತದ ನೆಲೆ ಎಲ್ಲಿ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಅನೇಕರು ತಡವರಿಸುತ್ತೇವೆ. ಬಲಪಕ್ಕೆಯಲ್ಲಿ, ಯಕೃತ್ತಿನ ಅಡಿಗೆ, ಎಳೆ ಬದನೆಕಾಯಿಯಂಥ ಒಂದು ಚೀಲವುಂಟು, ಅದೇ ಪಿತ್ತಕೋಶ. ಯಕೃತ್ತು ತಯಾರಿಸಿದ ಪಿತ್ತರಸವನ್ನು ಅದು ಕೂಡಿಟ್ಟುಕೊಂಡು, ನಾವು ಜಿಡ್ಡಿನ ಪದಾರ್ಥ ಉಂಡಾಗ ಹಿಂಡಿ ಕರುಳಿಗೆ ಬಿಡುತ್ತದೆ. ಆ ರಸದಲ್ಲಿ ಕೊಲೆಸ್ಟರಾಲ್ ಎಂಬ ಮೇಣದಂಥ ವಸ್ತುವೋ ಪಿತ್ತದ ಬಣ್ಣದ ಅಂಶವೋ ಮಿತಿಮೀರಿದರೆ ಹರಳುಗಟ್ಟಿ ಕಲ್ಲಾಗುತ್ತದೆ. ಕೆಲವು ಮರಳಿನ ಕಣದಷ್ಟು, ಕೆಲವು ಅಡಕೆಯಷ್ಟು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಈ ಕಲ್ಲನ್ನು ಹೋಮಿಯೋಪಥಿಯ ಗುಳಿಗೆಗಳು ಕರಗಿಸುತ್ತವೆ ಎಂದು ನಂಬಿದವರು ಬಹಳ. ನಾನೂ ಅವರಲ್ಲೊಬ್ಬ. ನನ್ನ ಮನೆಯಲ್ಲಿ ಒಂದು ಔಷಧದ ಪೆಟ್ಟಿಗೆ, ಒಂದು ಪುಸ್ತಕ ಇದ್ದವು. ಪಂಡಿತನಾದ ನನಗೆ ಆ ಪುಸ್ತಕ ಹಿಡಿಸಿದ್ದು ಸಹಜವೇ. ಅಲ್ಲಿಯೂ ಎಲ್ಲವೂ ಲಕ್ಷಣ. ಬಲ ಹೆಗಲಿನ ಮೂಳೆಯ ಕೆಳಗೆ ನೋವೆ? ಚೆಲಿಡೋನಿಯಮ್. ಸಂಜೆಯ ಹೊತ್ತಿಗೆ ಹೊಟ್ಟೆ ಉಬ್ಬರವೆ? ಲೈಕೋಪೋಡಿಯಮ್. ಅಲಂಕಾರ ಗುರುತಿಸಿದಷ್ಟೇ ಸುಲಭ!

ನಮ್ಮಕ್ಕನಿಗೆ ಒಂದು ಹಬ್ಬದೂಟದ ರಾತ್ರಿ ಬಲಪಕ್ಕೆ ಹಿಡಿದುಕೊಂಡಿತು. ಸ್ಕ್ಯಾನ್ ಮಾಡಿಸಿದಾಗ ಕಲ್ಲುಗಳು ಕಂಡವು. ಶಸ್ತ್ರಚಿಕಿತ್ಸೆಯೆಂದರೆ ಅವಳಿಗೆ ಭಯ. ನನಗೆ ನನ್ನ ಪೆಟ್ಟಿಗೆಯ ಮೇಲೆ ಭರವಸೆ. ನೋವು ಬಂದಾಗಲೆಲ್ಲ ನಾಲ್ಕು ಗುಳಿಗೆ ಕೊಟ್ಟೆ. ಒಂದೆರಡು ಗಂಟೆಯಲ್ಲಿ ನೋವು ಇಳಿಯುತ್ತಿತ್ತು. ‘ನಿನ್ನ ಕೈಗುಣ ಕಣಪ್ಪ’ ಎನ್ನುತ್ತಿದ್ದಳು. ನಾನೂ ಉಬ್ಬಿಹೋದೆ.

ನಾನು ಎಡವಿದ್ದು ಅಲ್ಲಿಯೇ. ಪಿತ್ತಕೋಶ ಹಿಂಡಿಕೊಂಡಾಗ ಕಲ್ಲು ಅದರ ಬಾಯಿಗೆ ಬಂದು ಸಿಕ್ಕಿಕೊಂಡರೆ ನೋವು. ಹಿಂದಕ್ಕೆ ಉರುಳಿದರೆ ಶಮನ. ಗುಳಿಗೆ ಕೊಟ್ಟರೂ ಅಷ್ಟೆ, ಕೊಡದಿದ್ದರೂ ಅಷ್ಟೆ. ನೋವು ತಾನಾಗಿ ಇಳಿಯುವ ವೇಳೆಗೆ ನಾನು ಕೊಟ್ಟ ಗುಳಿಗೆಗೆ ಕೀರ್ತಿ ಬಂತು. ಕಲ್ಲು ಮಾತ್ರ ಇದ್ದಲ್ಲೇ ಇತ್ತು.

ಏಳೆಂಟು ತಿಂಗಳಾದ ಮೇಲೆ ಅಕ್ಕನಿಗೆ ಚಳಿಜ್ವರ ಬಂತು, ಕಣ್ಣು ಹಳದಿಯಾಯಿತು. ಒಂದು ಕಲ್ಲು ಜಾರಿ ಪಿತ್ತನಾಳವನ್ನು ಮುಚ್ಚಿತ್ತು. ಬಾಯಿಯ ಮೂಲಕ ನಳಿಗೆ ಇಳಿಸಿ ವೈದ್ಯರು ಅದನ್ನು ತೆಗೆದರು. ಆಮೇಲೆ ಪಿತ್ತಕೋಶವನ್ನೂ ತೆಗೆದರು. ಇನ್ನೂ ಒಂದು ದಿನ ತಡೆದಿದ್ದರೆ ಕಷ್ಟವಾಗುತ್ತಿತ್ತು ಎಂದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಜರ್ಮನಿಯ ವೈದ್ಯ ಸಾಮ್ಯುಯೆಲ್ ಹಾನೆಮನ್ ತನ್ನ ಸಿದ್ಧಾಂತದ ಗ್ರಂಥವನ್ನು ಪ್ರಕಟಿಸಿದ್ದು ೧೮೧೦ರಲ್ಲಿ. ಆರೋಗ್ಯವಂತನಲ್ಲಿ ಯಾವ ವಸ್ತು ಒಂದು ರೋಗದ ಲಕ್ಷಣಗಳನ್ನು ತೋರಿಸುತ್ತದೆಯೋ ಅದೇ ಅಲ್ಪಪ್ರಮಾಣದಲ್ಲಿ ಆ ರೋಗಕ್ಕೆ ಮದ್ದು ಎಂಬುದು ಅವನ ಮತ. ಸೀಸೆಯ ಮೇಲೆ ಕಾಣುವ ೩೦ ಎಂಬ ಅಂಕಿಯ ಅರ್ಥವೇನು? ಒಂದು ಹನಿಯನ್ನು ೯೯ ಹನಿಗೆ ಬೆರೆಸಿ, ಅದರಲ್ಲೊಂದು ಹನಿಯನ್ನು ಮತ್ತೆ ೯೯ಕ್ಕೆ, ಹೀಗೆ ೩೦ ಸಲ. ೧೨ ಸಲ ದಾಟಿದರೆ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವ ತೀರ ಕಡಿಮೆ. ಇಲ್ಲದ ವಸ್ತು ಕಲ್ಲನ್ನು ಕರಗಿಸುವುದೆಂತು? ಹಾಗೆಂದು ತೆಳುವಾಗಿಸದ ಮೂಲ ಅರ್ಕಗಳೆಲ್ಲ ನಿರಪಾಯಕರವೂ ಅಲ್ಲ. ಚೆಲಿಡೋನಿಯಮ್ ಗಿಡದ ಸಾರದಿಂದ ಯಕೃತ್ತಿಗೇ ಹಾನಿಯಾದ ಪ್ರಸಂಗಗಳುಂಟು. ಆಸ್ಟ್ರೇಲಿಯದ ರಾಷ್ಟ್ರೀಯ ವೈದ್ಯಸಂಶೋಧನಾ ಮಂಡಲಿಯು ಹೋಮಿಯೋಪಥಿಯನ್ನು ಕುರಿತ ಪರೀಕ್ಷೆಗಳನ್ನು ಪರಿಶೀಲಿಸಿ, ಯಾವ ಕಾಯಿಲೆಗೂ ಅದು ಗುಣಕಾರಿಯೆಂಬುದಕ್ಕೆ ನಂಬತಕ್ಕ ಆಧಾರವಿಲ್ಲವೆಂದು ೨೦೧೫ರಲ್ಲಿ ತಿಳಿಸಿತು.

ಎಣ್ಣೆ ಮತ್ತು ನಿಂಬೆರಸ ಕುಡಿದರೆ ಮಾರನೆಯ ದಿನ ಹಸಿರು ಉಂಡೆಗಳು ಬೀಳುವುದುಂಟು. ಅವೂ ಕಲ್ಲಲ್ಲ, ಆ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾದದ್ದು.

ಹಾಗಾದರೆ ಕಲ್ಲು ಕಂಡವರೆಲ್ಲ ಶಸ್ತ್ರಕ್ಕೆ ಮೈಯೊಡ್ಡಬೇಕೆ? ಬೇಡ. ನೋವೇ ಕೊಡದ ಕಲ್ಲನ್ನು ಸಾಮಾನ್ಯವಾಗಿ ಅದರ ಪಾಡಿಗೆ ಬಿಡುತ್ತಾರೆ. ಕೆಲವು ಸಣ್ಣ ಕೊಲೆಸ್ಟರಾಲ್ ಕಲ್ಲುಗಳನ್ನು ಕರಗಿಸುವ ಪಿತ್ತಾಮ್ಲದ ಗುಳಿಗೆಯೂ ಉಂಟು. ತಿಂಗಳುಗಟ್ಟಲೆ ನುಂಗಬೇಕು, ಬಿಟ್ಟ ಮೇಲೆ ಕಲ್ಲು ಮರಳುವುದೂ ಉಂಟು. ನೋವು ಮರುಕಳಿಸಿದರೆ ಶಸ್ತ್ರವೈದ್ಯರನ್ನು ಕಾಣಬೇಕು. ಬರ್ಲಿನ್ನಿನಲ್ಲಿ ಲಾಂಗೆನ್‌ಬುಖ್ ಮೊದಲ ಬಾರಿಗೆ ಪಿತ್ತಕೋಶವನ್ನು ತೆಗೆದದ್ದು ೧೮೮೨ರಲ್ಲಿ. ೧೯೮೫ರಲ್ಲಿ ಜರ್ಮನಿಯ ಮ್ಯೂಹೆ ಸಣ್ಣ ರಂಧ್ರಗಳ ಮೂಲಕವೇ ಅದನ್ನು ಸಾಧಿಸಿದ. ಈಗ ಅನೇಕರು ಒಂದೆರಡು ದಿನದಲ್ಲಿ ಮನೆಗೆ ಮರಳುತ್ತಾರೆ. ಚೀಲ ಹೋದರೂ ಯಕೃತ್ತು ಪಿತ್ತರಸವನ್ನು ನೇರವಾಗಿ ಕರುಳಿಗೆ ಬಿಡುತ್ತದೆ, ಊಟಕ್ಕೆ ಮೋಸವಿಲ್ಲ.

ಗಂಟೆಗಟ್ಟಲೆ ಇಳಿಯದ ನೋವು, ಚಳಿಜ್ವರ, ಹಳದಿ ಕಣ್ಣು, ನಿಲ್ಲದ ವಾಂತಿ: ಇವುಗಳಲ್ಲಿ ಯಾವುದು ಕಂಡರೂ ಪೆಟ್ಟಿಗೆ ತೆರೆಯಬೇಡಿ, ಬೆಳಗಾಗಲೆಂದು ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಅಕ್ಕ ಈಗ ಹಬ್ಬದೂಟಕ್ಕೆ ಮೊದಲ ಪಂಕ್ತಿಯಲ್ಲೇ ಕೂರುತ್ತಾಳೆ. ಮೊನ್ನೆ ನಗುತ್ತ ಹೇಳಿದಳು: ‘ನಿನ್ನ ಗುಳಿಗೆ ನನಗೆ ಸಿಹಿಯಾಗಿತ್ತಪ್ಪ. ಕಲ್ಲಿಗೂ ಸಿಹಿಯಾಗಿತ್ತೋ ಏನೋ, ಬಿಟ್ಟು ಹೋಗಲೇ ಇಲ್ಲ!’ ಪೆಟ್ಟಿಗೆ ಇನ್ನೂ ನನ್ನ ಮನೆಯಲ್ಲಿದೆ. ಅದರಲ್ಲೀಗ ಸೂಜಿ ದಾರ ಇಟ್ಟಿದ್ದೇವೆ.