ಮಕ್ಕಳ ಪುಸ್ತಕ ನಾವೂ ಓದೋಣ
(ಅಕ್ಕಲಕೋಟೆ ತಾಲೂಕಿನ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಕನ್ನಡ ಶಾಲೆಯ ಗ್ರಂಥಾಲಯ ನೋಡಿಕೊಳ್ಳುವ ಅಕ್ಕೋರನ್ನು ಕೇಳಿದೆ: "ಈಗಿನ ಮಕ್ಕಳ ಪುಸ್ತಕ ಹೆಂಗ ಅದಾವ್ರಿ?"

ಅವರು ಹೇಳಿದರು: "ಚಿತ್ರ ಚಲೋ ಅದಾವ. ಅಕ್ಷರ ದೊಡ್ಡವು. ಆದರ ಕೆಲವು ಅನುವಾದದ ಕತಿ ನಾವು ಆಡೋ ಮಾತಿನಂಗ ಇಲ್ಲ. ಕೆಲವು ಕತಿಯೊಳಗ ಬರೇ ಬುದ್ಧಿಮಾತು. ಅಂಥವನ್ನ ಹುಡುಗರು ಅರ್ಧಕ್ಕ ಬಿಡ್ತಾರ."

ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾಯಿತು. ಅದರ ಪುಸ್ತಕಗಳಿಗೆ 1ರಿಂದ 4ರವರೆಗೆ ಹಂತಗಳಿವೆ. 1ನೇ ಹಂತದಲ್ಲಿ ಮಾತು ಕಡಿಮೆ. ಹೊಸದಾಗಿ ಓದುವ ನಮಗೂ ಸುಲಭ. ದೊಡ್ಡ ಮಕ್ಕಳಿಗೆ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' ಕಾದಂಬರಿ ಇದೆ. ಅದಕ್ಕೆ 2023ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು.

ಅಕ್ಕೋರು ಇನ್ನೊಂದು ಮಾತು ಹೇಳಿದರು: "ಪುಸ್ತಕ ಹರೀತಾವ ಅಂತ ಕಪಾಟಿಗೆ ಕೀಲಿ ಹಾಕಬಾರದು. ಹರಿದ್ರ ಅಂಟಿಸಬಹುದು. ಗೆದ್ದಲು ತಿಂದ್ರ ಏನ್ ಮಾಡೂದು?"

ಇಲ್ಲಿ ಕಚೇರಿಯ ಕಾಗದ ಮರಾಠಿ, ಬಸ್ಸಿನ ಬೋರ್ಡು ಮರಾಠಿ. ಮನ್ಯಾಗ ಯಾರೂ ಕನ್ನಡ ಓದದಿದ್ರ, ಮಕ್ಕಳ ಕನ್ನಡ ಶಾಲೆಯ ಗಂಟೆಗೇ ನಿಲ್ತದ. ಈಗ ನಿಮಗ ಓದಾಕ ಬರ್ತದ. ವಾರಕ್ಕೊಂದು ಪುಸ್ತಕ ಮನಿಗೆ ತರಿಸ್ರಿ. ಮಗು ಒಂದು ಸಾಲು, ನೀವು ಒಂದು ಸಾಲು ಓದ್ರಿ. ತಪ್ಪಿದ್ರ ನಾಚಿಕಿ ಬ್ಯಾಡ.

"ಅವ್ವಾ, ಮುಂದ ಏನಾತು?" ಅಂತ ಮಗು ಕೇಳಿದ್ರ, ಅದೇ ಚಲೋ ಪುಸ್ತಕ.