ರಾಕೆಟ್ಟಿನ ಬಾಯಿ ಕಟ್ಟುವ ತೆಳುಗಾಳಿ

ಹಳೆಯ ಟ್ಯೂಬ್‌ಲೈಟು ಮನೆಯಲ್ಲಿ ಉಳಿದಿದ್ದರೆ ಸಂಜೆ ದೀಪ ಹಾಕುವಾಗ ಅದನ್ನೊಮ್ಮೆ ನೋಡಿ. ಆ ಗಾಜಿನ ಕೊಳವೆಯೊಳಗೆ ತುಂಬು ಗಾಳಿಯೂ ಇಲ್ಲ, ಪೂರ್ತಿ ಬರಿದೂ ಅಲ್ಲ. ಅತಿ ತೆಳುವಾದ ಅನಿಲವಿದೆ. ತೆಳುವಾದುದರಿಂದಲೇ ಅದರಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ನಮ್ಮ ತಾಂಡ್ಯದ ಮನೆಗಳಿಗೆ ಬೆಳಕು ಕೊಟ್ಟ ಈ ಗುಣವೇ ಮೇಲೇರುವ ರಾಕೆಟ್ಟಿಗೆ ಕಂಟಕವಾಗುತ್ತದೆ.

ರಾಕೆಟ್ಟು ತನ್ನ ಯೋಗಕ್ಷೇಮವನ್ನು ಏರಿಯಲ್ಲಿನ ಮೂಲಕ ನೆಲಕ್ಕೆ ತಿಳಿಸುತ್ತಲೇ ಇರಬೇಕು. ನೆಲದ ಮೇಲೆ ಒಂದು ಸೆಂಟಿಮೀಟರ್ ಗಾಳಿಯನ್ನು ಸೀಳಿ ಕಿಡಿ ಹಾರಲು ಸುಮಾರು 30,000 ವೋಲ್ಟು ಬೇಕು. ಗಾಳಿ ತೆಳುವಾದಂತೆ ಇದು ಇಳಿಯುತ್ತ ಬಂದು ಒಂದು ಹದದಲ್ಲಿ ಸುಮಾರು 330 ವೋಲ್ಟೇ ಸಾಕಾಗುತ್ತದೆ. ಇನ್ನೂ ತೆಳುವಾದರೆ ಮತ್ತೆ ಏರುತ್ತದೆ. ಜರ್ಮನಿಯ ಪಾಶೆನ್ 1889ರಲ್ಲಿ ಪ್ರಕಟಿಸಿದ ನಿಯಮವಿದು. ಏರಿಯಲ್ಲಿನ ಅಲೆಗಳಿಗೆ ಲೆಕ್ಕ ಬೇರೆಯಾದರೂ ಸ್ವಭಾವ ಇದೇ.

ಇದು ಹೇಗೆ? ನಂಜನಗೂಡಿನ ದೊಡ್ಡ ಜಾತ್ರೆಯನ್ನು ನೆನೆಯಿರಿ. ರಥಬೀದಿಯಲ್ಲಿ ಜನ ಕಿಕ್ಕಿರಿದಾಗ ತುಂಟ ಹುಡುಗ ಓಡಲಾರ. ಎರಡು ಹೆಜ್ಜೆಗೊಮ್ಮೆ ತಡೆ. ನಡುರಾತ್ರಿಯ ಬರಿಬೀದಿಯಲ್ಲಿ ಎಷ್ಟು ಓಡಿದರೂ ಡಿಕ್ಕಿ ಹೊಡೆಯಲು ಯಾರೂ ಇಲ್ಲ. ಜನ ವಿರಳವಾಗಿದ್ದಾಗಲೇ ಅಪಾಯ: ವೇಗವೂ ಕೂಡಿಬರುತ್ತದೆ, ಎದುರಿಗೊಬ್ಬನೂ ಸಿಗುತ್ತಾನೆ. ಹೀಗೆ ಓಡುವ ಎಲೆಕ್ಟ್ರಾನು ಗಾಳಿಯ ಅಣುವಿಗೆ ಬಡಿದು ಇನ್ನೊಂದನ್ನು ಹೊರಗೆಡಹುತ್ತದೆ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಏರಿಯಲ್ಲಿನ ಸುತ್ತ ಮಿನುಗುವ ಹೊಗರು ಕವಿಯುತ್ತದೆ. ಕಳಿಸಿದ ಶಕ್ತಿಯನ್ನು ಅದು ಹೀರುತ್ತದೆ, ಹಿಂದಕ್ಕೂ ತಳ್ಳುತ್ತದೆ. ನೆಲದಲ್ಲಿ ಕಿವಿಗೊಟ್ಟವರಿಗೆ ದನಿ ಕ್ಷೀಣಿಸುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ.

ನಾವು ಪಂಡಿತರು ಗಾಳಿ, ನಿರ್ವಾತ ಎಂದು ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ತೊಂದರೆಯೆಲ್ಲ ಇರುವುದು ನಡುವಿನ ವಿರಳವಾತದಲ್ಲಿ. ಸ್ಥೂಲವಾಗಿ 40ರಿಂದ 90 ಕಿಲೋಮೀಟರ್ ಎತ್ತರದ ಪಟ್ಟೆಯಲ್ಲಿ. 1963ರ ನವೆಂಬರ್ 21ರಂದು ತುಂಬಾದಿಂದ ಹಾರಿದ ಮೊದಲ ರಾಕೆಟ್ಟೂ ಈ ಪಟ್ಟೆಯನ್ನು ಹಾದೇ ಮೇಲೇರಿತು.

ಕಕ್ಷೆ ಸೇರಿದ ಮೇಲೆ ಬೇಕಾಗುವ ಹೆಚ್ಚು ವೋಲ್ಟಿನ ಉಪಕರಣಗಳನ್ನು ಅಲ್ಲಿಯವರೆಗೆ ಆರಿಸಿಟ್ಟರಾಯಿತು. ರಾಕೆಟ್ಟಿನ ಸುದ್ದಿ ಹೇಳುವ ಏರಿಯಲ್ಲಿಗೆ ಆ ಸೌಲಭ್ಯವಿಲ್ಲ; ಏರುವಾಗ ಏನಾಯಿತೆಂದು ಹೇಳಬೇಕಾದುದೇ ಅದು. ಆದಕಾರಣ ಚೂಪು ತುದಿಗಳನ್ನು ದುಂಡಗೆ ಮಾಡುತ್ತಾರೆ, ನಿರೋಧಕ ಹೊದಿಕೆ ಹಾಕುತ್ತಾರೆ, ಕಳಿಸುವ ಶಕ್ತಿಯನ್ನು ಮಿತಿಯಲ್ಲಿಡುತ್ತಾರೆ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಉಪಗ್ರಹಗಳನ್ನು ಗಾಳಿ ತೆಗೆದ ದೊಡ್ಡ ಕೋಣೆಯಲ್ಲಿಟ್ಟು ಪರೀಕ್ಷಿಸುತ್ತಾರೆ. ಅಂಥ ಕೋಣೆಯಲ್ಲಿ ಪಂಪು ಗಾಳಿಯನ್ನು ಎಳೆಯುತ್ತಿರುವಾಗಲೂ ಒಳಗಿನ ಒತ್ತಡ ಇದೇ ಹದವನ್ನು ದಾಟಿಯೇ ಕೆಳಗಿಳಿಯಬೇಕು.