ನನ್ನ ಕೈಚೀಲದಲ್ಲಿರುವ ಇನ್ಸುಲಿನ್

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಎರಡನ್ನೂ ಕಲಿಸುವವಳು ನಾನು. ಭಾಷೆಯ ಬಗ್ಗೆ ಮಾತನಾಡಲು ಹೇಳುತ್ತಾರೆಂದು ಎಣಿಸಿದ್ದೆ. ಕಾರ್ಯದರ್ಶಿಗಳು ನಿಮ್ಮ ಕಾಯಿಲೆಯ ಬಗ್ಗೆಯೇ ಹೇಳಿ ಎಂದರು. ಸಂಕೋಚದಿಂದಲೇ ಒಪ್ಪಿಕೊಂಡೆ.

ಕಳೆದ ವರ್ಷ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನನಗೆ ವಿಪರೀತ ಬಾಯಾರಿಕೆ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದೆ. ಎರಡು ತಿಂಗಳಲ್ಲಿ 8 ಕಿಲೋ ತೂಕ ಇಳಿಯಿತು. ತೆಳ್ಳಗಾಗಿದ್ದೀರಿ ಎಂದು ಸಹೋದ್ಯೋಗಿಗಳು ಹೊಗಳಿದ್ದೇ ಹೊಗಳಿದ್ದು! ಮೊದಲು ನೋಡಿದ ವೈದ್ಯರು, ವಯಸ್ಸು ಮೂವತ್ತು ದಾಟಿದೆಯಲ್ಲ ಎಂದು, ಸಾಮಾನ್ಯ ಸಕ್ಕರೆ ಕಾಯಿಲೆಯ ಮಾತ್ರೆ ಬರೆದುಕೊಟ್ಟರು. ಒಂದು ಬೆಳಿಗ್ಗೆ ವಾಂತಿ, ಹೊಟ್ಟೆನೋವು, ಏದುಸಿರು ಒಟ್ಟಿಗೇ ಬಂದವು. ದೊಡ್ಡ ಆಸ್ಪತ್ರೆಗೆ ಸೇರಿಸಿದರು. ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿತ್ತು. ಸಿ-ಪೆಪ್ಟೈಡ್ ಮತ್ತು ಆಂಟಿಬಾಡಿ ಪರೀಕ್ಷೆಗಳಾದ ಮೇಲೆ ಇದು ಟೈಪ್ ಒನ್ ಡಯಾಬಿಟೀಸ್ ಎಂದರು.

ಇದು ಮಕ್ಕಳಿಗೆ ಮಾತ್ರ ಬರುವ ರೋಗವಲ್ಲ, ಯಾವ ವಯಸ್ಸಿನಲ್ಲಾದರೂ ಬರಬಹುದು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಆಮೇಲೆ ಇನ್ಸುಲಿನ್ ತಯಾರಾಗುವುದಿಲ್ಲ. ಮಾವಿನ ಹಣ್ಣು ಹೆಚ್ಚು ತಿಂದದ್ದರಿಂದ ಬಂತು ಎಂದು ನೆಂಟರು ನಿರ್ಣಯಿಸಿದರು. ಹಾಗಲ್ಲ. ಹಾಗಲಕಾಯಿ ರಸ, ಮೆಂತ್ಯ, ಯಾರದೋ ಪುಡಿ, ಎಲ್ಲವೂ ಮನೆಗೆ ಬಂದವು. ಪ್ರೀತಿಯಿಂದ ಕೊಟ್ಟವರೇ. ಆದರೆ ಅವನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ನುಂಗಿದರೆ ಇನ್ಸುಲಿನ್ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ, ಆದ್ದರಿಂದಲೇ ಚುಚ್ಚುಮದ್ದು.

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅದೂ ಇರಲಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಟ್ಟರು. ಸಾವಿನ ಅಂಚಿನಲ್ಲಿದ್ದ ಅವನು ಮತ್ತೆ 13 ವರ್ಷ ಬದುಕಿದ. ಕಂಡುಹಿಡಿದವರು ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

ನಮ್ಮ ಅತ್ತೆಯವರು ಮೆಲ್ಲನೆ ಕೇಳಿದ್ದು ಬೇರೆಯೇ: ಇದು ಹಂದಿಯದ್ದೇ? ನ್ಯಾಯವಾದ ಪ್ರಶ್ನೆ. ಹಿಂದೆ ದನ ಮತ್ತು ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದದ್ದು ನಿಜ. 1982ರಿಂದ ಬ್ಯಾಕ್ಟೀರಿಯಾ, ಯೀಸ್ಟ್‌ಗಳಲ್ಲಿ ಮಾನವ ಇನ್ಸುಲಿನ್ ಬೆಳೆಸಿ ಮಾರುಕಟ್ಟೆಗೆ ತಂದರು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯೂ ಯೀಸ್ಟ್‌ನಿಂದ ತಯಾರಿಸಿತು. ಇದನ್ನು ಕೇಳಿದ ಮೇಲೆ ಅತ್ತೆಯವರೇ ದಿನವೂ ನೆನಪಿಸುತ್ತಾರೆ.

ಶಾಲೆಯಲ್ಲಿ ಮಾತ್ರ ನಾನು ಮುಚ್ಚಿಟ್ಟೆ. ತಂಗಿಗೆ ಸಂಬಂಧ ನೋಡುತ್ತಿದ್ದರು, ಮನೆತನಕ್ಕೆ ಕಾಯಿಲೆಯ ಹೆಸರು ಬೇಡವೆಂದು. ಶೌಚಾಲಯದಲ್ಲಿ ನಿಂತು ಚುಚ್ಚಿಕೊಳ್ಳುತ್ತಿದ್ದೆ. ಒಂದು ದಿನ ಚುಚ್ಚಿಕೊಂಡು, ಊಟ ತಡವಾಗಿ, ಏಳನೆಯ ತರಗತಿಗೆ ಸಂಧಿ ಪಾಠ ಮಾಡುತ್ತಿದ್ದೆ. ಬೆವರು, ನಡುಕ. ಹಲಗೆಯ ಮೇಲಿನ ಅಕ್ಷರಗಳು ಎರಡೆರಡಾದವು. ಕನ್ನಡ ಪಾಠದ ನಡುವೆ ಉರ್ದು ಮಾತನಾಡತೊಡಗಿದೆನಂತೆ, ಮಕ್ಕಳು ನಕ್ಕರಂತೆ. ಒಬ್ಬ ಹುಡುಗಿ ನಗಲಿಲ್ಲ. ಅವಳ ಅಜ್ಜಿಯೂ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅಡುಗೆಮನೆಗೆ ಓಡಿ ಸಕ್ಕರೆ ನೀರು ತಂದು ಕುಡಿಸಿದಳು. ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ನನ್ನ ಸಹೋದ್ಯೋಗಿಗಳಿಗೆ ಗೊತ್ತಿರಲಿಲ್ಲ. ತಪ್ಪು ಅವರದಲ್ಲ, ನಾನೇ ಹೇಳಿರಲಿಲ್ಲ.

ವಿದ್ಯಾರ್ಥಿಗಳೇ, ಇದೊಂದನ್ನು ಬರೆದುಕೊಳ್ಳಿ. ಸಕ್ಕರೆ ಪ್ರಮಾಣ 70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಬೇಕು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ರಂಜಾನ್ ಬಂದಾಗ ವೈದ್ಯರು ಉಪವಾಸ ಬೇಡ ಎಂದರು. ಸೆಹ್ರಿಯ ಹೊತ್ತಿಗೆ ಮನೆಯವರೆಲ್ಲ ಎದ್ದಾಗ ನಾನು ಹೊದಿಕೆಯೊಳಗೆ ಅತ್ತದ್ದುಂಟು. ಹಿರಿಯ ಮೌಲಾನಾ ಒಬ್ಬರು ರೋಗಿಗೆ ವಿನಾಯಿತಿ ಇದೆ, ಫಿದಿಯಾ ಕೊಡಿ ಎಂದು ಸಮಾಧಾನ ಹೇಳಿದರು. ಉಪವಾಸವಿರುವ ಮಧುಮೇಹಿಗಳೂ ಬೆರಳು ಚುಚ್ಚಿ ಪರೀಕ್ಷಿಸಿಕೊಂಡರೆ ರೋಜಾ ಮುರಿಯುವುದಿಲ್ಲವೆಂದೂ ಅವರೇ ತಿಳಿಸಿದರು.

ಈಗ ನನ್ನ ಮೇಜಿನ ಡ್ರಾಯರಿನಲ್ಲಿ ಗ್ಲುಕೋಸ್ ಡಬ್ಬಿ ಇದೆ, ಇಡೀ ಏಳನೆಯ ತರಗತಿಗೆ ಗೊತ್ತು. ಕಳೆದ ವಾರ ನೋಡಿದರೆ ಅರ್ಧ ಖಾಲಿ. ತಿಂದದ್ದು ನಾನಲ್ಲ. ಯಾರೆಂದು ವಿಚಾರಿಸಲೂ ಹೋಗಿಲ್ಲ.